ಕಿರಿದಾದ ಪ್ಯಾಸೇಜಿನಲ್ಲಿ ಕಾರ್ಪೆಟ್ ಎಳೀಲಿಕ್ಕೆ ಯಾವ ಟೂಲ್?

ಬಿಜೈ_ಇಂಟೀರಿಯರ್: ಮಂಗಳೂರಿನ ಹಂಪನಕಟ್ಟೆಯ ಆಫೀಸೊಂದರಲ್ಲಿ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ಮಳೆಗಾಲ ಮುಗಿಯುವಾಗ ಅಲೆ ಅಲೆಯಾಗಿ ಎದ್ದಿದೆ. ಪ್ಯಾಸೇಜ್ 5.5 ಮೀಟರ್ ಉದ್ದ, 1.1 ಮೀಟರ್ ಅಗಲ, ಒಂದು ಬದಿಗೆ ಜಿಪ್ಸಮ್ ಪಾರ್ಟಿಶನ್. ಅಡಿಗೆ ಅಂಡರ್‌ಲೇ (ಮೆತ್ತನೆಯ ಹಾಸು), ಅಂಚಿಗೆ ಮೊಳೆಪಟ್ಟಿ (ಕಾರ್ಪೆಟ್ ಹಿಡಿಯುವ ಸಣ್ಣ ಮೊಳೆಗಳ ಪಟ್ಟಿ) ಉಂಟು. ನೀ-ಕಿಕ್ಕರ್ (ಕಾಲಿನಿಂದ ತಳ್ಳಿ ಕಾರ್ಪೆಟ್ ಎಳೆಯುವ ಚಿಕ್ಕ ಟೂಲ್) ಒಂದೇ ಸಾಕಾ?

ನೆಲಹಾಸು_ಉಡುಪಿ: ಸಾಕಾಗುವುದಿಲ್ಲ. ಕಿಕ್ಕರ್ ಇರುವುದು ಅಂಚನ್ನು ಮೊಳೆಪಟ್ಟಿಗೆ ಸಿಕ್ಕಿಸಲಿಕ್ಕೆ. ಅದರಿಂದಲೇ ಉದ್ದಕ್ಕೆ ಎಳೆದರೆ ಬಿಗಿ ಅಂಚಿನ ಹತ್ತಿರ ಮಾತ್ರ ನಿಲ್ಲುತ್ತದೆ, ನಡುವಿನ ಉಬ್ಬು ಕೆಲವು ತಿಂಗಳಲ್ಲಿ ಮತ್ತೆ ಏಳುತ್ತದೆ. ಉದ್ದಕ್ಕೆ ಪೈಪ್ ಜೋಡಿಸಿ ಲಿವರ್‌ನಿಂದ ಎಳೆಯುವ ಪವರ್ ಸ್ಟ್ರೆಚರ್ ಹಾಕಿ, ಅದರ ಹಲ್ಲಿರುವ ತಲೆಯನ್ನು ಎಳೆಯುವ ಬದಿಯ ಗೋಡೆಯಿಂದ ಸುಮಾರು 15 ಸೆಂ.ಮೀ. ಹಿಂದೆ ಇಡಿ. ಎದುರು ಗೋಡೆಗೆ ಒರಗುವ ತುದಿ, ಅಂದರೆ ಬಾಲ, ಜಿಪ್ಸಮ್‌ಗೆ ತಾಗುವುದಾದರೆ ಬೋರ್ಡ್ ಒಡೆಯಬಹುದು. ಬೋರ್ಡಿನ ಒಳಗಿನ ಎರಡು ಮೂರು ಸ್ಟಡ್‌ಗಳಿಗೆ (ಅದನ್ನು ಹೊತ್ತ ನೆಟ್ಟಗಿನ ಕಂಬಗಳಿಗೆ) ತಾಗುವಷ್ಟು ಉದ್ದದ ಮರದ ರೀಪು ಅಡ್ಡ ಕೊಡಿ.

ಅಗಲಕ್ಕೆ ಮಿನಿ ಸ್ಟ್ರೆಚರ್ ತೆಗೆದುಕೊಳ್ಳಿ. ಅದರ ಎರಡೂ ತುದಿಯ ಹಲ್ಲು ಕಾರ್ಪೆಟನ್ನೇ ಹಿಡಿಯುವುದರಿಂದ ಎದುರು ಗೋಡೆಯ ಆಸರೆ ಬೇಡ. ಬಾಗಿಲ ಹಿಂದೆ, ಕಪಾಟಿನ ಸಂದಿಯಲ್ಲೂ ನಡೆಯುತ್ತದೆ.

ಕುಳಾಯಿ_ಫಿಟ್ಟರ್: ಮೊದಲು ಮೂಲೆಯಲ್ಲಿ ಇಕ್ಕುಳದಿಂದ ಎತ್ತಿ ನೋಡಿ. ನಡುವೆ ಎಲ್ಲಾದರೂ ಗಮ್ ಹಾಕಿ ಅಂಟಿಸಿದ್ದರೆ ಯಾವ ಟೂಲಿಗೂ ಅದು ಜಗ್ಗುವುದಿಲ್ಲ. ಹಿಂಬದಿಯ ಪದರವೇ ಬಿಟ್ಟುಕೊಂಡಿದ್ದರೂ ಎಳೆದು ಪ್ರಯೋಜನ ಇಲ್ಲ, ಹೊಸತೇ ಬೇಕು. ನಮ್ಮ ಕರಾವಳಿಯ ತೇವಕ್ಕೆ ಪಟ್ಟಿಯ ಮೊಳೆ ತುಕ್ಕು ಹಿಡಿದಿರುತ್ತದೆ, ಬೆರಳಲ್ಲಿ ಒತ್ತಿದರೆ ಬಾಗುವಂಥದ್ದನ್ನು ಬದಲಿಸಿ. ಅಡಿಯಲ್ಲಿ ವಿಟ್ರಿಫೈಡ್ ಟೈಲ್ಸ್ ಇದ್ದರೆ ಪಟ್ಟಿಯನ್ನು ಸುತ್ತಿಗೆಯಲ್ಲಿ ಹೊಡೆಯಬೇಡಿ, ಟೈಲ್ಸ್ ಸೀಳುತ್ತದೆ. ಡ್ರಿಲ್ ಮಾಡಿ ಪ್ಲಗ್, ಸ್ಕ್ರೂ ಹಾಕಿ. ಗೋಡೆಗೂ ಪಟ್ಟಿಗೂ ನಡುವಿನ ಸಂದಿ ಕಾರ್ಪೆಟಿನ ದಪ್ಪಕ್ಕಿಂತ ಸ್ವಲ್ಪ ಕಮ್ಮಿ ಇರಲಿ. ಹೆಚ್ಚಾದರೆ ಅಂಚು ಕೂರುವುದಿಲ್ಲ.

ಬಿಜೈ_ಇಂಟೀರಿಯರ್: ಅಂಟಿಸಿಲ್ಲ, ಸಿಮೆಂಟ್ ನೆಲ. ಹಲ್ಲಿನ ಆಳ ಎಷ್ಟಿಡಬೇಕು? ಎಷ್ಟು ಎಳೆಯಬೇಕು?

ನೆಲಹಾಸು_ಉಡುಪಿ: ಹಲ್ಲು ಮೇಲಿನ ನೂಲಿನ ಎಳೆ ದಾಟಿ ಹಿಂಬದಿಯ ನೇಯ್ಗೆ ಹಿಡಿಯಬೇಕು, ಅಂಡರ್‌ಲೇಗೆ ತಾಗಬಾರದು. ತಾಗಿದರೆ ಅದು ಹರಿದು ಒಳಗೆ ಗಂಟು ಕಟ್ಟುತ್ತದೆ. ಕಮ್ಮಿಯಾದರೆ ಮೇಲಿನ ಎಳೆ ಕಿತ್ತು ಬರುತ್ತದೆ. ಕಪಾಟಿನ ಅಡಿಗೆ ಹೋಗುವ ಮೂಲೆಯಲ್ಲಿ ಪರೀಕ್ಷಿಸಿ ಮುಂದುವರಿಸಿ.

ಹೊಸ ಕಾರ್ಪೆಟಿಗೆ 1ರಿಂದ 1.5 ಶೇಕಡಾ ಲೆಕ್ಕ, ಅಂದರೆ ನಿಮ್ಮ ಉದ್ದಕ್ಕೆ 5.5ರಿಂದ 8 ಸೆಂ.ಮೀ., ಅಗಲಕ್ಕೆ 1.1ರಿಂದ 1.6. ನಿಮ್ಮದು ಹಳತು, ಆ ಲೆಕ್ಕ ಹಿಡಿದು ಜಗ್ಗಬೇಡಿ. ಉಬ್ಬು ಹೋಗಿ, ನಡುವೆ ಚಿವುಟಿ ಎತ್ತಿ ಬಿಟ್ಟಾಗ ಪಟ್ಟನೆ ನೆಲಕ್ಕೆ ಕೂತರೆ ನಿಲ್ಲಿಸಿ. ಎರಡು ತುಂಡುಗಳ ಜೋಡಣೆ ಇರುವಲ್ಲಿ ಲಿವರ್ ನಿಧಾನ, ಇಲ್ಲವಾದರೆ ಅಡಿಯ ಜೋಡಣೆ ಟೇಪ್ ಬಿಡುತ್ತದೆ.

ಕುಳಾಯಿ_ಫಿಟ್ಟರ್: ಹಿಂದಿನ ದಿನವಿಡೀ ಏಸಿ ಹಾಕಿಟ್ಟು ಕೋಣೆ ಒಣಗಿಸಿ. ಕಿಕ್ಕರಿಗೆ ಮಂಡಿಚಿಪ್ಪು ಕೊಡಬೇಡಿ, ಅದರ ಮೇಲಿನ ತೊಡೆಯ ಮಾಂಸಖಂಡದಿಂದ ತಳ್ಳಿ. ಹೆಚ್ಚುವರಿ ಅಂಚನ್ನು ಎರಡೂ ದಿಕ್ಕಿಗೆ ಎಳೆದ ಮೇಲೆಯೇ ಕತ್ತರಿಸಿ, ಅಗಲ ಉಳಿಯಿಂದ ಸಂದಿಗೆ ಒತ್ತಿ.