ಅಪ್‌ಡೇಟ್: ಒಂದೇ ತೊಟ್ಟಿಯಲ್ಲಿ ಎರಡು ಜಾತಿಯ ಪಿಸ್ತೂಲ್ ಸೀಗಡಿಗಳು

ಧಾರವಾಡದ ನಮ್ಮ ಮನೆಯ 80 ಲೀಟರಿನ, ಹವಳ ಬೆಳೆಸುವ ಉಪ್ಪುನೀರಿನ ತೊಟ್ಟಿಯಲ್ಲಿ ಎರಡು ಪಿಸ್ತೂಲ್ ಸೀಗಡಿಗಳಿದ್ದವು, ಅಂದರೆ ದೊಡ್ಡ ಇಕ್ಕಳವನ್ನು ಚಟ್ಟೆಂದು ಸಿಡಿಸುವ ಸೀಗಡಿಗಳು. ಅವುಗಳಲ್ಲಿ ಟೈಗರ್ ಜಾತಿಯದು ತನಗಿಂತ ಚಿಕ್ಕದಾದ ರಾಂಡಲ್ ಸೀಗಡಿಯ ಬಿಲಕ್ಕೆ ನುಗ್ಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ನಡುವೆ ಕಲ್ಲು ಒಟ್ಟುವ ಸಲಹೆ ಫಲಿಸಲಿಲ್ಲ. ಟೈಗರ್ ಒಂದೇ ರಾತ್ರಿಯಲ್ಲಿ ಕಲ್ಲಿನಡಿಯ ಮರಳನ್ನು ತೋಡಿ ಆಚೆ ದಾಟಿತ್ತು, ಬೆಳಿಗ್ಗೆ ನೋಡಿದರೆ ರಾಂಡಲ್ ತನ್ನ ದೊಡ್ಡ ಇಕ್ಕಳವನ್ನೇ ಕಳೆದುಕೊಂಡು, ಒಂದು ಮೀಸೆಯನ್ನಷ್ಟೇ ಹೊರಚಾಚಿ ಸಂದಿಯಲ್ಲಿ ಅಡಗಿತ್ತು. ಆಹಾರ ಹೆಚ್ಚಿಸಿದರೂ ಜಗಳ ನಿಲ್ಲಲಿಲ್ಲ. ಬೇರ್ಪಡಿಸಿ ಎಂದವರ ಮಾತೇ ಸರಿಯಾಯಿತು, ಅವರಿಗೆ ನಾನು ಋಣಿ: ಟೈಗರನ್ನು ಅದರ ಬಿಲದಲ್ಲೇ ಜೊತೆಗಿರುವ ಗೋಬಿ ಎಂಬ ಸಣ್ಣ ಮೀನಿನೊಂದಿಗೆ ಹುಬ್ಬಳ್ಳಿಯ ಗೆಳೆಯರ ದೊಡ್ಡ ತೊಟ್ಟಿಗೆ ಕಳಿಸಿದೆ. ಅಚ್ಚರಿಯ ಸಂಗತಿಯೆಂದರೆ, ಈ ಸೀಗಡಿಗಳು ಸಿಡಿಸುವ ಇಕ್ಕಳವನ್ನು ಕಳೆದುಕೊಂಡಾಗ, ಪೊರೆ ಕಳಚುತ್ತ ಹೋದಂತೆ ಇನ್ನೊಂದು ಬದಿಯ ಸಣ್ಣ ಇಕ್ಕಳವೇ ಆ ಕೆಲಸಕ್ಕೆ ತಕ್ಕಂತೆ ಬೆಳೆಯುತ್ತದೆ. ನಿನ್ನೆ ರಾಂಡಲ್ ಮೊದಲ ಪೊರೆ ಕಳಚಿದೆ. ಚಟ್ಟೆನ್ನುವ ಸದ್ದು ಇನ್ನೂ ಕೇಳಿಸಿಲ್ಲ.