ಟರೆಟ್ ಮಿಲ್ಲಿಂಗ್ ಮಷೀನಿಗೆ ಸ್ಟೆಪ್ಪರ್ ಮೋಟಾರ್: ಹಳೆಯ ಲೀಡ್ ಸ್ಕ್ರೂ ಉಳಿಸಿಕೊಳ್ಳಬಹುದೇ?

ಪ್ರಶ್ನೆ

ಪೀಣ್ಯದ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿರುವ ಟರೆಟ್ ಮಿಲ್ಲಿಂಗ್ ಮಷೀನನ್ನು ಸಿಎನ್‌ಸಿಗೆ (ಕಂಪ್ಯೂಟರ್ ನಿಯಂತ್ರಣಕ್ಕೆ) ಪರಿವರ್ತಿಸಬೇಕೆಂದಿದ್ದೇನೆ. ಮೂರೂ ಅಕ್ಷಗಳಿಗೆ 8.5 ನ್ಯೂಟನ್ ಮೀಟರಿನ ನೀಮಾ 34 ಸೈಜಿನ ಸ್ಟೆಪ್ಪರ್ ಮೋಟಾರುಗಳನ್ನೂ 48 ವೋಲ್ಟಿನ ಪವರ್ ಸಪ್ಲೈಯನ್ನೂ ನೋಡಿಟ್ಟಿದ್ದೇನೆ. ಟೇಬಲನ್ನು ಸರಿಸುವ ಎಕ್ಸ್ ಅಕ್ಷದ ಲೀಡ್ ಸ್ಕ್ರೂವಿಗೆ 5 ಮಿ.ಮೀ. ಪಿಚ್ ಇದ್ದು, ಟೇಬಲಿಗೆ ಡಯಲ್ ಗೇಜ್ ಹಚ್ಚಿ ಹ್ಯಾಂಡಲನ್ನು ಹಿಂದೆ ಮುಂದೆ ತಿರುಗಿಸಿದರೆ 0.28 ಮಿ.ಮೀ. ಪ್ಲೇ ಕಾಣುತ್ತದೆ. ಸಾಫ್ಟ್‌ವೇರಿನಲ್ಲಿ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಶನ್ (ಈ ಪ್ಲೇಯನ್ನು ಸರಿದೂಗಿಸುವ ವ್ಯವಸ್ಥೆ) ಇರುವುದರಿಂದ ಇದೇ ಸ್ಕ್ರೂ ಸಾಲದೇ?

ಉತ್ತರ 1

ಸಾಲದು ಎಂದೇ ನನ್ನ ಅಭಿಪ್ರಾಯ. ದಿಕ್ಕು ಬದಲಾದಾಗ ಮೋಟಾರನ್ನು 0.28 ಮಿ.ಮೀ. ಹೆಚ್ಚು ತಿರುಗಿಸುವುದಷ್ಟೇ ಸಾಫ್ಟ್‌ವೇರಿಗೆ ಗೊತ್ತು. ಕ್ಲೈಂಬ್ ಮಿಲ್ಲಿಂಗ್ (ಕಟರಿನ ಹಲ್ಲು ಚಲಿಸುವ ದಿಕ್ಕಿಗೇ ಟೇಬಲನ್ನು ಸರಿಸಿ ಕತ್ತರಿಸುವುದು) ಮಾಡುವಾಗ ಕಟರ್ ಟೇಬಲನ್ನೇ ತನ್ನತ್ತ ಸೆಳೆದುಕೊಂಡು ಆ ಸಂದಿನೊಳಗೆ ಜಿಗಿಸಿದರೆ ಅದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ವೃತ್ತಾಕಾರದ ಪಾಕೆಟ್ ಒಂದನ್ನು ಕತ್ತರಿಸಿ ಗೋಡೆಯ ಮೇಲೆ ಬೆರಳಾಡಿಸಿ ನೋಡಿ: ಅಕ್ಷಗಳು ದಿಕ್ಕು ಬದಲಿಸುವ ನಾಲ್ಕು ಕಡೆಗಳಲ್ಲಿ ಸಣ್ಣ ಮೆಟ್ಟಿಲುಗಳು ಸಿಗುತ್ತವೆ.

ಆದರೆ ಸ್ಕ್ರೂ ಬದಲಿಸುವ ಮೊದಲು ಆ 0.28ರ ಮೂಲವನ್ನು ಪತ್ತೆಹಚ್ಚಿ. ಸ್ಕ್ರೂವಿನ ತುದಿಗೇ ಡಯಲ್ ಹಚ್ಚಿದರೆ ಬೇರಿಂಗಿನ ಪಾಲು ಎಷ್ಟು, ನಟ್ಟಿನ ಪಾಲು ಎಷ್ಟು ಎಂಬುದು ಬೇರೆಯಾಗಿ ತಿಳಿಯುತ್ತದೆ. ಟೇಬಲಿನ ನಡುವೆಯೂ ಎರಡೂ ತುದಿಗಳಲ್ಲಿಯೂ ಅಳೆಯಿರಿ. ಸ್ಕ್ರೂ ನಡುವಿನಲ್ಲಿ ಮಾತ್ರ ಸವೆದಿದ್ದರೆ, ಅಲ್ಲಿಗೆ ಹೊಂದುವಂತೆ ನಟ್ಟನ್ನು ಬಿಗಿಮಾಡಿದಾಗ ಟೇಬಲ್ ತುದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಉತ್ತರ 2

ಮೋಟಾರಿನ ಬಗ್ಗೆ ಎರಡು ಮಾತು. 1000 ನ್ಯೂಟನ್ ಬಲಕ್ಕೆ 5 ಮಿ.ಮೀ. ಪಿಚ್ಚಿನ ಬಾಲ್ ಸ್ಕ್ರೂ (ನಟ್ಟಿನೊಳಗೆ ಉರುಳುವ ಗುಂಡುಗಳಿರುವ ಸ್ಕ್ರೂ) ಕೇಳುವುದು ಸುಮಾರು 0.9 ನ್ಯೂಟನ್ ಮೀಟರ್. ಸಾಮಾನ್ಯ ಸ್ಕ್ರೂವಿನ ದಕ್ಷತೆ ಶೇ. 30ರ ಆಸುಪಾಸಿನಲ್ಲಿರುವುದರಿಂದ ಅದೇ ಕೆಲಸಕ್ಕೆ 2.6ರಷ್ಟು ಬೇಕು. ಲೇಬಲ್ಲಿನ 8.5 ಎಂಬುದು ನಿಂತ ಮೋಟಾರಿನ ಹೋಲ್ಡಿಂಗ್ ಟಾರ್ಕ್ (ತಿರುಗದಂತೆ ಹಿಡಿದಿಡುವ ಬಲ). ವೇಗ ಏರಿದಂತೆ ಅದು ಇಳಿಯುತ್ತದೆ, ವೋಲ್ಟೇಜ್ ಕಡಿಮೆಯಿದ್ದಷ್ಟೂ ಬೇಗ ಇಳಿಯುತ್ತದೆ. ಮೋಟಾರಿನ ಇಂಡಕ್ಟೆನ್ಸ್ 4 ಮಿಲಿಹೆನ್ರಿ ಇದ್ದರೆ, ಅದರ ವರ್ಗಮೂಲವನ್ನು 32ರಿಂದ ಗುಣಿಸುವ ರೂಢಿಯ ಲೆಕ್ಕದಲ್ಲಿ ಅದಕ್ಕೆ ಹೊಂದುವ ಸಪ್ಲೈ 64 ವೋಲ್ಟ್ ಎಂದು ಬರುತ್ತದೆ. ಆದ್ದರಿಂದ ಇನ್ನೂ ದೊಡ್ಡ ಮೋಟಾರಿಗೆ ಹೋಗುವ ಬದಲು, ಹೆಚ್ಚಿನ ವೋಲ್ಟೇಜ್ ತಾಳುವ ಡ್ರೈವರಿಗೆ (ಮೋಟಾರಿಗೆ ಕರೆಂಟು ಹರಿಸುವ ಸಾಧನಕ್ಕೆ) ಹಣ ಹಾಕಿ.

ಟೇಬಲನ್ನು ಹೊತ್ತು ಮೇಲೆ ಕೆಳಗೆ ಚಲಿಸುವ ‘ನೀ’ (knee) ಅಕ್ಷಕ್ಕೂ ಬಾಲ್ ಸ್ಕ್ರೂ ಹಾಕುವುದಾದರೆ ಬ್ರೇಕ್ ಇರುವ ಮೋಟಾರನ್ನೇ ತೆಗೆದುಕೊಳ್ಳಿ. ಹಳೆಯ ಸ್ಕ್ರೂ ತಾನಾಗಿಯೇ ತಡೆದು ನಿಲ್ಲುತ್ತದೆ. ಬಾಲ್ ಸ್ಕ್ರೂ ನಿಲ್ಲುವುದಿಲ್ಲ. ಕರೆಂಟು ಹೋದರೆ ಟೇಬಲ್ ಸಮೇತ ನೀ ಕೆಳಗಿಳಿಯುತ್ತದೆ, ನಮ್ಮಲ್ಲಿ ಕರೆಂಟು ಹೋಗುವುದಂತೂ ಹೊಸದಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಅಳೆದು ನೋಡಿದೆ: 0.28ರಲ್ಲಿ 0.11 ಬೇರಿಂಗಿನದೇ ಆಗಿತ್ತು, ಅದನ್ನು ಬಿಗಿಮಾಡಿಯಾಯಿತು. ಉಳಿದ 0.17 ನಡುವಿನಲ್ಲಿ ಮಾತ್ರ ಇದ್ದು, ತುದಿಗಳಲ್ಲಿ 0.05ಕ್ಕಿಂತ ಕಡಿಮೆಯಿದೆ. ಹಾಗಾಗಿ ಎಕ್ಸ್ ಮತ್ತು ವೈ ಅಕ್ಷಗಳಿಗೆ ಬಾಲ್ ಸ್ಕ್ರೂ ಹಾಕಿ, ನೀ ಅಕ್ಷಕ್ಕೆ ಹಳೆಯ ಸ್ಕ್ರೂವನ್ನೇ ಬಿಡುತ್ತೇನೆ. ಸ್ಯಾಡಲಿನೊಳಗೆ (ಟೇಬಲಿನ ಕೆಳಗಿನ ಭಾಗದೊಳಗೆ) ನಟ್ ಕೂರುವ ಜಾಗ 38 ಮಿ.ಮೀ. ಮಾತ್ರ ಇದೆ. 2505ರ (25 ಮಿ.ಮೀ. ವ್ಯಾಸ, 5 ಮಿ.ಮೀ. ಪಿಚ್ಚಿನ ಬಾಲ್ ಸ್ಕ್ರೂವಿನ) ನಟ್ಟಿನ ಹೊರವ್ಯಾಸ 40 ಆಗಿರುವುದರಿಂದ, 36 ಇರುವ 2005ಕ್ಕೇ ಆರ್ಡರ್ ಕೊಡಲಿದ್ದೇನೆ.