ಕಣ್ಣು ಕಾಣದವರು ಕೆಲಸಗಳ ಪಟ್ಟಿ ಇಟ್ಕೊಳ್ಳೋಕೆ ಯಾವ ಆಪ್ ಸರಿ? ಅನುಭವ ಇರೋರು ಹೇಳಿ

ಎಲ್ರಿಗೂ ನಮಸ್ಕಾರ. ನನಗೆ 46 ವರ್ಷ, ಮನೆ ರಾಜಾಜಿನಗರ, ಒಂದು ಸಣ್ಣ ಆಫೀಸಲ್ಲಿ ಲೆಕ್ಕ ನೋಡ್ಕೊಳ್ತೀನಿ. ಗ್ಲಾಕೋಮಾ ಇದೆ, ಎರಡು ವರ್ಷದಲ್ಲಿ ದೃಷ್ಟಿ ತುಂಬಾ ಇಳಿದುಹೋಯ್ತು. ಇಪ್ಪತ್ತು ವರ್ಷದಿಂದ ಎಲ್ಲಾ ಕೆಲಸಾನೂ ಡೈರೀಲಿ ಬರೆದಿಡ್ತಿದ್ದೆ, ಈಗ ನಾನು ಬರೆದಿದ್ದು ನನಗೇ ಓದಕ್ಕಾಗ್ತಿಲ್ಲ. ಆಂಡ್ರಾಯ್ಡ್ ಫೋನ್ ಇದೆ, ಪರದೆ ಮೇಲಿರೋದನ್ನ ಓದಿ ಹೇಳೋ ಟಾಕ್‌ಬ್ಯಾಕ್ ಕಲಿಯೋಕೆ ಶುರು ಮಾಡಿ ಒಂದು ತಿಂಗಳಾಯ್ತು. ಬಿಲ್ಲು, ಡಾಕ್ಟ್ರ ಅಪಾಯಿಂಟ್‌ಮೆಂಟು, ಆಫೀಸಿನ ತಾರೀಕುಗಳು ಇವೆಲ್ಲ ನೆನಪಿಡೋಕೆ ನೀವೆಲ್ಲ ಏನು ಬಳಸ್ತೀರ? ದಯವಿಟ್ಟು ಹೇಳಿ.

ಜೆ.ಪಿ. ನಗರದಿಂದ

ಸರ್, ಇಪ್ಪತ್ತು ವರ್ಷ ಡೈರಿ ಬರೆದವರು ಅಂದ್ರೆ ಅರ್ಧ ದಾರಿ ಬಂದುಬಿಟ್ಟಿದೀರ, ಬರೆದಿಡೋ ಅಭ್ಯಾಸ ಇಲ್ಲದವರಿಗೆ ಎಂಥ ಆಪ್ ಕೊಟ್ರೂ ನಿಲ್ಲಲ್ಲ. ನಾನು ಹುಟ್ಟಿದಾಗಿಂದ ಕಣ್ಣು ಕಾಣದವನು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಹತ್ತು ವರ್ಷದಲ್ಲಿ ಏಳೆಂಟು ಆಪ್ ಬಳಸಿ ಬಿಟ್ಟಿದೀನಿ. ನಿಮಗೆ ಈಗ ನಾನು ಹೇಳೋದು ಗೂಗಲ್ ಟಾಸ್ಕ್ಸ್. ದುಡ್ಡು ಕೊಡಬೇಕಿಲ್ಲ, ಪರದೆ ಮೇಲೆ ಬಟನ್ನುಗಳು ಕಮ್ಮಿ, ದಿನಾಂಕ ಹಾಕಿದ ಕೆಲಸ ಗೂಗಲ್ ಕ್ಯಾಲೆಂಡರಲ್ಲೂ ಬರುತ್ತೆ, ತಿಂಗಳು ತಿಂಗಳು ಬರೋ ಬೆಸ್ಕಾಂ ಬಿಲ್ಲಿಗೆ ರಿಪೀಟ್ ಹಾಕಿಟ್ರೆ ಮತ್ತೆ ಬರೆಯೋ ಗೋಜಿಲ್ಲ. ಮೈಕ್ರೋಸಾಫ್ಟ್ ಟು ಡೂ ಕೂಡ ಒಳ್ಳೇದೇ, ಆಫೀಸ್ ಕಂಪ್ಯೂಟರಲ್ಲೂ ಅದೇ ಪಟ್ಟಿ ಬೇಕು ಅಂದ್ರೆ ಅದನ್ನ ತಗೊಳ್ಳಿ. ಎರಡೂ ಒಟ್ಟಿಗೆ ಇಟ್ಕೋಬೇಡಿ, ಯಾವುದು ಎಲ್ಲಿದೆ ಅಂತ ಹುಡುಕೋದೇ ಇನ್ನೊಂದು ಕೆಲಸ ಆಗುತ್ತೆ.

ಆದ್ರೆ ಆಪ್ ಹೆಸರಿಗಿಂತ ನಿಮಗೆ ಬೇಕಾಗಿರೋದು ಅದನ್ನ ಪರೀಕ್ಷೆ ಮಾಡೋ ರೀತಿ. ಹೊಸ ಕೆಲಸ ಸೇರಿಸೋದು ಎಲ್ಲಾ ಆಪಲ್ಲೂ ಸುಲಭ, ಮೈಕ್ ಒತ್ತಿ ಹೇಳಿದ್ರಾಯ್ತು, ಅದನ್ನ ನೋಡಿ ಖುಷಿಪಡಬೇಡಿ. ಆಪ್ ಕೈಕೊಡೋದು ಆಮೇಲೆ. ಮುಗಿದ ಕೆಲಸಕ್ಕೆ ಟಿಕ್ ಹಾಕಿದಾಗ ಅದು ಬಾಯಿಬಿಟ್ಟು ಏನಾದ್ರೂ ಹೇಳುತ್ತಾ? ತಪ್ಪಿ ಬೇರೆ ಸಾಲಿಗೆ ಟಿಕ್ ಬಿದ್ರೆ ವಾಪಸ್ ತರಕ್ಕಾಗುತ್ತಾ? ಇವತ್ತಿನ ಕೆಲಸ ಮಾತ್ರ ಕೇಳಿಸು ಅಂದ್ರೆ ಕೇಳಿಸುತ್ತಾ? ಈ ಮೂರನ್ನ ಸುಳ್ಳು ಸುಳ್ಳೇ ನಾಲ್ಕು ಕೆಲಸ ಬರೆದು ಒಂದು ಸಂಜೆ ಮಾಡಿ ನೋಡಿ, ಒಂದು ಕೈಯಲ್ಲಿ ಮಾತ್ರ ಮಾಡಿ, ಯಾಕಂದ್ರೆ ನಾಳೆ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸುವಾಗ ಇನ್ನೊಂದು ಕೈಯಲ್ಲಿ ಬಿಳಿ ಕೋಲು ಇರುತ್ತೆ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ನನಗೆ ಏಟು ಬಿದ್ದಿದೆ. ಒಂದು ಆಪ್‌ನ ಎರಡು ವರ್ಷ ಬಳಸಿದ್ದೆ, ಹೆಸರು ಬೇಡ. ಒಂದಿನ ಅಪ್‌ಡೇಟ್ ಬಂತು, ಟಿಕ್ ಇದ್ದ ಜಾಗದಲ್ಲಿ 'ಅನ್‌ಲೇಬಲ್ಡ್ ಬಟನ್' ಅಂತ ಓದಕ್ಕೆ ಶುರು ಮಾಡ್ತು, ಪಕ್ಕದಲ್ಲೂ ಅದೇ ಹೆಸರಿನ ಇನ್ನೊಂದು. ಟಿಕ್ ಅಂದ್ಕೊಂಡು ತಟ್ಟಿದ್ದು ಡಿಲೀಟ್ ಆಗಿತ್ತು. ಹಾಗೇ ಒಂದಾದ ಮೇಲೊಂದು ಐದು ಕೆಲಸ ಅಳಿಸಿಹಾಕಿದೆ, ಅದರಲ್ಲಿ ಅಮ್ಮನ ಸ್ಕ್ಯಾನಿಂಗ್ ತಾರೀಕೂ ಇತ್ತು, ಆಸ್ಪತ್ರೆಯವರು ಫೋನ್ ಮಾಡಿದಾಗಲೇ ಗೊತ್ತಾಗಿದ್ದು. ಅವತ್ತು ಅಮ್ಮ ಏನೂ ಅನ್ನಲಿಲ್ಲ, ನನಗೇ ತಡ್ಕೊಳ್ಳಕ್ಕಾಗ್ಲಿಲ್ಲ. ಇಂಥ ಹೆಸರಿಲ್ಲದ ಬಟನ್ ಸಿಕ್ಕಿದ್ರೆ ಅದರ ಮೇಲೆ ನಿಂತು ಮೂರು ಬೆರಳಲ್ಲಿ ಒಂದ್ಸಲ ತಟ್ಟಿ, ಟಾಕ್‌ಬ್ಯಾಕ್ ಮೆನು ಬರುತ್ತೆ, ಅಲ್ಲಿ ಲೇಬಲ್ ಸೇರಿಸೋಕೆ ಆಗುತ್ತೆ, ನಿಮಗೆ ತಿಳಿಯೋ ಹೆಸರು ಕೊಟ್ಟುಬಿಡಿ. ಐಫೋನಲ್ಲಿ ಎರಡು ಬೆರಳಲ್ಲಿ ಎರಡು ಸಲ ತಟ್ಟಿ ಎರಡನೇ ಸಲ ಹಾಗೇ ಹಿಡ್ಕೋಬೇಕು.

ಇನ್ನೊಂದು. ಟಿಕ್ ಹಾಕಿದ ತಕ್ಷಣ ಕೆಳಗಡೆ 'ಅನ್‌ಡೂ' ಅಂತ, ಮಾಡಿದ್ದನ್ನ ವಾಪಸ್ ತರೋ ಒಂದು ಬಟನ್ ಬಂದು ಮಾಯ ಆಗುತ್ತೆ, ಕಣ್ಣಿರೋರಿಗೆ ಅದು ಸಾಕು, ನಾವು ಸ್ವೈಪ್ ಮಾಡ್ಕೊಂಡು ಅಲ್ಲಿಗೆ ಹೋಗೋಷ್ಟರಲ್ಲಿ ಇರಲ್ಲ. ಆಂಡ್ರಾಯ್ಡ್ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಅದರಲ್ಲಿ 'ಟೈಮ್ ಟು ಟೇಕ್ ಆಕ್ಷನ್' ಅಂತ ಇದೆ, 30 ಸೆಕೆಂಡೋ 1 ನಿಮಿಷಾನೋ ಇಟ್ಕೊಳ್ಳಿ. ಇದು ಗೊತ್ತಿಲ್ಲದೆ ವರ್ಷಗಟ್ಲೆ ಒದ್ದಾಡಿದವರನ್ನ ನೋಡಿದೀನಿ. ಹಾಗೇ ರಿಮೈಂಡರ್ ಟೈಮಿಗೆ ಬರ್ತಿಲ್ಲ ಅಂದ್ರೆ ಕೆಲವು ಫೋನಲ್ಲಿ ಬ್ಯಾಟರಿ ಉಳಿಸೋಕೆ ಆಪ್‌ನ ಹಿಂದಿನಿಂದ ನಿಲ್ಲಿಸಿಬಿಡುತ್ತೆ, ಆಪ್ ಇನ್ಫೋಗೆ ಹೋಗಿ ಬ್ಯಾಟರೀಲಿ 'ಅನ್‌ರಿಸ್ಟ್ರಿಕ್ಟೆಡ್' ಮಾಡಿ.

ಬರೆಯೋ ರೀತಿ ಬಗ್ಗೆ ಹೇಳಲೇಬೇಕು, ನನಗೆ ಇದೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು. ಡೈರಿ ಪುಟ ಕಣ್ಣಿಗೆ ಒಟ್ಟಿಗೆ ಕಾಣುತ್ತೆ, ಕಿವಿಗೆ ಸಾಲು ಸಾಲಾಗೇ ಬರಬೇಕು. ನಲವತ್ತು ಕೆಲಸ ಇದ್ರೆ ಮೂವತ್ತೊಂಬತ್ತು ದಾಟಿ ಹೋಗಬೇಕು. ಅದಕ್ಕೆ ಮೊದಲ ಪದ ಕೇಳಿದ ಕೂಡಲೇ ಯಾವ ಕೆಲಸ ಅಂತ ಗೊತ್ತಾಗಬೇಕು. ಇಂಗ್ಲಿಷಲ್ಲಿ ಎಲ್ಲಾ ಸಾಲೂ 'ಪೇ', 'ಕಾಲ್' ಅಂತ ಶುರು ಆಗುತ್ತೆ, ಕೇಳೋಕೆ ಎಲ್ಲಾ ಒಂದೇ ಥರ. ಕನ್ನಡದಲ್ಲಿ 'ಬೆಸ್ಕಾಂ ಬಿಲ್ ಕಟ್ಟು', 'ಆಡಿಟರಿಗೆ ಫೋನ್ ಮಾಡು', 'ಕಾವೇರಿ ನೀರು, ಮೋಟರ್ ಹಾಕು', ಮುಖ್ಯ ಪದ ತಾನಾಗೇ ಮುಂದೆ ಬರುತ್ತೆ, ಅದು ಕೇಳಿದ್ರೆ ಸಾಕು ಮುಂದಕ್ಕೆ ಸ್ವೈಪ್ ಮಾಡ್ಬೋದು. ಕನ್ನಡದಲ್ಲೇ ಬರೀರಿ ಸರ್. ಗೂಗಲ್ ಧ್ವನಿಯಲ್ಲಿ ಕನ್ನಡ ಡೌನ್‌ಲೋಡ್ ಮಾಡಿ ಇಟ್ಕೊಂಡಿರಿ ಅಷ್ಟೇ, ಕನ್ನಡದಲ್ಲಿ ಹೇಳಿ ಟೈಪ್ ಮಾಡಿಸೋದೂ ಗೂಗಲ್ ಕೀಬೋರ್ಡ್ ಜಿಬೋರ್ಡಲ್ಲಿ ಚೆನ್ನಾಗಿ ಆಗುತ್ತೆ, ಆದ್ರೆ ಇಯರ್‌ಫೋನ್ ಹಾಕ್ಕೊಂಡು ಹೇಳಿ, ಇಲ್ಲಾಂದ್ರೆ ಟಾಕ್‌ಬ್ಯಾಕ್ ಮಾತಾಡೋದನ್ನೂ ಅದು ಬರ್ಕೊಂಡುಬಿಡುತ್ತೆ.

ಮಲ್ಲೇಶ್ವರಂನಿಂದ

ನಾನು ಟೀಚರ್, ಲೋ ವಿಷನ್, ಆರ್‌ಪಿ (ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನೋ ಕಣ್ಣಿನ ಕಾಯಿಲೆ) ಇದೆ. ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ಸ್ವಲ್ಪ ಕಾಣೋರ ಕಷ್ಟ ಬೇರೆ ಸರ್, ನೀವು ಈಗ ಆ ಹಂತದಲ್ಲೇ ಇದೀರ ಅನ್ಸುತ್ತೆ. ನಾನು ಅಕ್ಷರ ದೊಡ್ಡದು ಮಾಡಿ ಮಾಡಿ ಕೊನೆಗೆ ಏನಾಯ್ತು ಅಂದ್ರೆ ಕೆಲಸದ ಹೆಸರು ಅರ್ಧಕ್ಕೆ ಕಟ್ ಆಗಿ ತಾರೀಕು ಪರದೆಯಿಂದ ಆಚೆ ಹೋಯ್ತು. ಮುಗಿದ ಕೆಲಸಾನ ತಿಳಿ ಬೂದು ಬಣ್ಣದಲ್ಲಿ ತೋರಿಸ್ತಾರಲ್ಲ ಅದಂತೂ ನನಗೆ ಬಿಳಿ ಗೋಡೆ ಇದ್ದ ಹಾಗೆ. ಅರ್ಜೆಂಟ್ ಅನ್ನೋದಕ್ಕೆ ಕೆಂಪು ಚುಕ್ಕಿ ಇಡ್ತಾರೆ, ಕಾಣಲ್ಲ. ಅದಕ್ಕೆ ನಾನು ಅರ್ಜೆಂಟ್ ಇದ್ದಿದ್ದಕ್ಕೆ ಸಾಲಿನ ಮೊದಲಲ್ಲಿ 1 ಅಂತ ಹಾಕ್ತೀನಿ, ಡಾರ್ಕ್ ಮೋಡಲ್ಲಿ ಇಡ್ತೀನಿ, ಹಗಲು ಕಣ್ಣಲ್ಲಿ ಓದಿ, ಸಂಜೆ ಕಣ್ಣು ಸೋತ ಮೇಲೆ ಧ್ವನಿಗೆ ಹೋಗ್ತೀನಿ. ಧ್ವನಿ ಬಳಸೋದು ಸೋಲು ಅಂತ ನನಗೆ ಮೂರು ವರ್ಷ ಅನ್ಸಿತ್ತು. ಆ ಮೂರು ವರ್ಷ ತಲೆನೋವಲ್ಲೇ ಕಳೆದೆ. ನೀವು ಕಾಣೋವಾಗಲೇ ಟಾಕ್‌ಬ್ಯಾಕ್ ಕಲೀತಿದೀರ, ಅದು ಬಹಳ ಒಳ್ಳೇ ತೀರ್ಮಾನ.

ಒಬ್ರೇ ಕೂತು ಕಲಿಯೋದು ಕಷ್ಟ ಆದ್ರೆ ಎಚ್‌ಎಸ್‌ಆರ್ ಲೇಔಟಲ್ಲಿ ಮಿತ್ರ ಜ್ಯೋತಿ, ಕೋರಮಂಗಲದಲ್ಲಿ ಎನೇಬಲ್ ಇಂಡಿಯಾ ಅಂತ ತರಬೇತಿ ಕೊಡೋ ಸಂಸ್ಥೆಗಳಿವೆ, ಫೋನ್ ಮಾಡಿ ಕೇಳಿ. ಪಕ್ಕದಲ್ಲಿ ಕೂತು ಬೆರಳು ಹಿಡಿದು ತೋರಿಸೋರು ಒಬ್ರಿದ್ರೆ ಕಲಿಯೋದು ಎಷ್ಟೋ ಹಗುರ.

ವೈಟ್‌ಫೀಲ್ಡಿಂದ

ಆಫೀಸ್ ಕಡೆ ವಿಷಯ ನಾನು ಹೇಳ್ತೀನಿ. ನಾನು ಎನ್‌ವಿಡಿಎ ಬಳಸ್ತೀನಿ, ಕಂಪ್ಯೂಟರಿಗೆ ಇದು ಉಚಿತ ಸ್ಕ್ರೀನ್ ರೀಡರ್, ಟಾಕ್‌ಬ್ಯಾಕ್ ಥರಾನೇ ಓದಿ ಹೇಳುತ್ತೆ. ನಮ್ಮ ಟೀಮಲ್ಲಿ ಟ್ರೆಲ್ಲೋ ಥರದ ಬೋರ್ಡು, ಒಂದೊಂದು ಕೆಲಸಾನೂ ಒಂದು ಕಾರ್ಡು, ಅದನ್ನ ಮೌಸಲ್ಲಿ ಎಳೆದು ಒಂದು ಕಾಲಂನಿಂದ ಇನ್ನೊಂದಕ್ಕೆ ಹಾಕೋದು. ಎಳೆಯೋದು ನಮ್ಮಿಂದ ಆಗಲ್ಲ, ಆದ್ರೆ ಕಾರ್ಡ್ ತೆರೆದು ಒಳಗಡೆ 'ಮೂವ್' ಅಂತ ಇದೆಯಾ ನೋಡಿ, ಟ್ರೆಲ್ಲೋದಲ್ಲಿ ಇದೆ. 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಅನ್ನೋ ವೆಬ್ ಆಕ್ಸೆಸಿಬಿಲಿಟಿ ಮಾರ್ಗಸೂಚಿಯಲ್ಲಿ ಎಳೆದು ಮಾಡೋ ಕೆಲಸಕ್ಕೆ ಎಳೆಯದೇ ಮಾಡೋ ದಾರೀನೂ ಇರಬೇಕು ಅಂತ ಸೇರಿಸಿದಾರೆ, ಸಾಫ್ಟ್‌ವೇರ್ ಮಾಡೋರಿಗೆ ಪತ್ರ ಬರೆಯುವಾಗ ಇದನ್ನ ಹಾಕಿ. 2025ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟು ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಕೇಸಲ್ಲಿ ಡಿಜಿಟಲ್ ಸೇವೆ ಕೈಗೆಟುಕೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿದೆ, ನಾವು ಕೇಳ್ತಿರೋದು ದಾನ ಅಲ್ಲ.

ಟೊಡೂಯಿಸ್ಟ್ ಬಗ್ಗೆ ಯಾರಾದ್ರೂ ಹೇಳಬಹುದು, ಒಳ್ಳೇ ಆಪು, ಕೆಲಸದ ಜೊತೆಗೇ ಇಂಗ್ಲಿಷಲ್ಲಿ 'ಟುಮಾರೋ 6 ಪಿಎಂ' ಅಂತ ಟೈಪ್ ಮಾಡಿದ್ರೆ ತಾರೀಕು ತಾನೇ ಹಾಕ್ಕೊಳ್ಳುತ್ತೆ. ಬ್ರೌಸರಲ್ಲಿ ಮಾತ್ರ ಒಂದು ತೊಡಕು, ಹೊಸ ಕೆಲಸ ಸೇರಿಸೋಕೆ ಕ್ಯೂ ಒತ್ತಿ ಅಂತಾರೆ, ನಾವು ಕ್ಯೂ ಒತ್ತಿದ್ರೆ ಎನ್‌ವಿಡಿಎ ತನ್ನ ಕೆಲಸಕ್ಕೆ ಹಿಡ್ಕೊಂಡು ಪುಟದಲ್ಲಿ ಬ್ಲಾಕ್ ಕೋಟ್ (ಉಲ್ಲೇಖದ ಭಾಗ) ಹುಡುಕಕ್ಕೆ ಹೋಗುತ್ತೆ. ಮೊದಲು ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಸ್ಪೇಸ್ ಒತ್ತಿ, ಒತ್ತಿದ ಕೀ ನೇರ ಪುಟಕ್ಕೆ ತಲುಪೋ ಫೋಕಸ್ ಮೋಡಿಗೆ ಹೋಗಿ, ಆಮೇಲೆ ಕ್ಯೂ.

ನಿಜ ಹೇಳಬೇಕು ಅಂದ್ರೆ ನನ್ನ ಸ್ವಂತ ಪಟ್ಟಿ ಇರೋದು ನೋಟ್‌ಪ್ಯಾಡಲ್ಲಿ. ಒಂದು ಸಾಲಿಗೆ ಒಂದು ಕೆಲಸ, ಕೆಳಗಿನ ಬಾಣದ ಕೀ ಒತ್ತಿದ್ರೆ ಒಂದೊಂದೇ ಓದುತ್ತೆ, ಎಫ್5 ಒತ್ತಿದ್ರೆ ಇವತ್ತಿನ ದಿನಾಂಕ ಸಮಯ ಬೀಳುತ್ತೆ, ಮುಗಿದ್ರೆ ಸಾಲು ಕತ್ತರಿಸಿ ಕೆಳಗೆ ಅಂಟಿಸ್ತೀನಿ. ಎಷ್ಟು ವರ್ಷ ಆದ್ರೂ ಹೀಗೇ ಇರುತ್ತೆ, ಬಟನ್ ಜಾಗ ಬದಲಾಗಲ್ಲ. ಕೂಗಿ ನೆನಪಿಸಲ್ಲ ಅನ್ನೋದೊಂದೇ ಕೊರತೆ, ಅದಕ್ಕೆ ಫೋನಿದೆ. ಲೆಕ್ಕದ ಕೆಲಸ ಮಾಡೋ ನಿಮಗೆ ಇದು ಡೈರಿಗೆ ತುಂಬಾ ಹತ್ತಿರ ಅನ್ಸುತ್ತೆ.

ಕೇಳಿದವರು

ಎಲ್ರಿಗೂ ತುಂಬಾ ಧನ್ಯವಾದ. ಗೂಗಲ್ ಟಾಸ್ಕ್ಸ್ ಹಾಕ್ಕೊಂಡೆ, ಮಗಳು ಪಕ್ಕದಲ್ಲಿದ್ದಳು ಆದ್ರೆ ಮೂರು ಪರೀಕ್ಷೇನೂ ನಾನೇ ಮಾಡ್ದೆ, ಎರಡನೇ ಸಲ ಅನ್‌ಡೂ ಸಿಕ್ತು. ಒಂದೇ ತೊಂದರೆ, ಕಣ್ಣಿನ ಡ್ರಾಪ್ಸ್. ಎರಡು ಥರದ್ದಿದೆ, ರಿಮೈಂಡರ್ ಒಂದ್ಸಲ ಟಿಣ್ ಅಂದು ಸುಮ್ಮನಾಗುತ್ತೆ, ಬಸ್ಸಿನ ಗಲಾಟೇಲಿ ಕೇಳಲ್ಲ.

ಜೆ.ಪಿ. ನಗರದಿಂದ

ಸರ್, ಔಷಧೀನ ಟಾಸ್ಕ್ ಪಟ್ಟೀಲಿ ಇಡಲೇಬೇಡಿ, ಅದಕ್ಕೆ ಗಡಿಯಾರದ ಅಲಾರಂ ಇಡಿ, ಒಂದ್ಸಲ ಟಿಣ್ ಅಂದು ಸುಮ್ಮನಾಗಲ್ಲ, ಸ್ವಲ್ಪ ಹೊತ್ತು ಹೊಡ್ಕೊಳ್ತಾನೇ ಇರುತ್ತೆ, ಜೇಬಲ್ಲಿ ವೈಬ್ರೇಟೂ ಆಗುತ್ತೆ. ಒಂದು ಡ್ರಾಪ್ ಹಾಕಿದ ಮೇಲೆ ಇನ್ನೊಂದಕ್ಕೆ ಕನಿಷ್ಠ 5 ನಿಮಿಷ ಬಿಡಿ ಅಂತ ಕಣ್ಣಿನ ಡಾಕ್ಟ್ರು ಸಾಮಾನ್ಯವಾಗಿ ಹೇಳ್ತಾರೆ, ಬೇಗ ಹಾಕಿದ್ರೆ ಮೊದಲನೇದು ಕೊಚ್ಚಿಹೋಗುತ್ತೆ, ನಿಮ್ಮ ಡಾಕ್ಟ್ರು ಎಷ್ಟು ಹೇಳಿದಾರೋ ಅಷ್ಟು ಅಂತರದಲ್ಲಿ ಎರಡು ಅಲಾರಂ ಇಟ್ಟು ಎರಡಕ್ಕೂ ಬೇರೆ ಬೇರೆ ರಿಂಗ್‌ಟೋನ್ ಕೊಡಿ. ಬಾಟಲಿ ಎರಡೂ ಕೈಗೆ ಒಂದೇ ಥರ ಇದ್ರೆ ಮೊದಲು ಹಾಕೋದಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಎರಡನೇದಕ್ಕೆ ಎರಡು. ಹೊಸ ಬಾಟಲಿ ತಂದ ದಿನ ಹಳೇದನ್ನ ಬಿಸಾಕೋಕೆ ಮುಂಚೆ ರಬ್ಬರ್ ಬ್ಯಾಂಡ್ ಬದಲಾಯಿಸಿಬಿಡಿ, ಆಗ ಮಗಳು ಪಕ್ಕದಲ್ಲಿದ್ದು ಹೆಸರು ಓದಲಿ.